ಗುಳಿಗೆಯೊಡನೆ ಎಚ್ಚರವೂ ಮನೆಗೆ ಬರಲಿ

ಕ್ಯಾನ್ಸರ್ ಚಿಕಿತ್ಸೆಯೆಂದೊಡನೆ ಆಸ್ಪತ್ರೆಯ ಮಂಚ, ತೂಗುವ ಸೀಸೆ, ರಕ್ತನಾಳಕ್ಕೆ ಚುಚ್ಚಿದ ಸೂಜಿ ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಈ ರೋಗದ ಮದ್ದುಗಳಲ್ಲಿ ಹಲವು ಇಂದು ಗುಳಿಗೆಯ ರೂಪದಲ್ಲಿ ರೋಗಿಯ ಮನೆಯನ್ನೇ ಸೇರಿವೆ. ಇದು ಸಂತೋಷದ ಸಂಗತಿಯೇ ಸರಿ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಅಷ್ಟು ದೂರ ಮತ್ತೆ ಮತ್ತೆ ಬಂದು ಹೋಗುವ ಬಡವನಿಗೆ ಪ್ರಯಾಣದ ಖರ್ಚಿನೊಡನೆ ದಿನಗೂಲಿಯೂ ನಷ್ಟ. ಆದರೆ ಗುಳಿಗೆ ಮನೆಗೆ ಬಂದೊಡನೆ ಆಸ್ಪತ್ರೆಯ ಹೊಣೆ ತೀರಿತೆಂದು ಎಣಿಸಬಹುದೆ? ಎಣಿಸಲಾಗದೆಂದೇ ನನ್ನ ಅಭಿಪ್ರಾಯ.

ಒಂದು ನಿದರ್ಶನವನ್ನು ನೋಡೋಣ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್. 1950ರ ಸುಮಾರಿಗೆ ಈ ರೋಗ ತಗುಲಿದ ಮಗು ಉಳಿಯುವ ಆಸೆಯೇ ಇರುತ್ತಿರಲಿಲ್ಲ. ಮುಂದುವರಿದ ದೇಶಗಳಲ್ಲಿ ಇಂದು ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಈ ಗೆಲುವಿನಲ್ಲಿ ಎರಡು ಗುಳಿಗೆಗಳ ಪಾಲು ದೊಡ್ಡದು. ಒಂದು ಮೆಥೊಟ್ರೆಕ್ಸೇಟ್, ಭೀಮವರದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರ ತಂಡವು 1940ರ ದಶಕದಲ್ಲಿ ಸಿದ್ಧಪಡಿಸಿದುದು. ಇನ್ನೊಂದು ಮರ್ಕಾಪ್ಟೊಪ್ಯೂರಿನ್; ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿ, 1953ರಲ್ಲಿ ಅಮೆರಿಕೆಯಲ್ಲಿ ಬಳಕೆಗೆ ಬಂದುದು.

ಜೀವಕೋಶವು ಒಡೆದು ಎರಡಾಗುವ ಮುನ್ನ ತನ್ನ ಡಿಎನ್ಎಯ ಪ್ರತಿಯನ್ನು ಮಾಡಿಕೊಳ್ಳಬೇಕಷ್ಟೆ. ಈ ಮದ್ದುಗಳು ಆ ಕೆಲಸಕ್ಕೇ ಅಡ್ಡಿ ತರುತ್ತವೆ. ಆದರೆ ರೋಗದ ಕೋಶ ಯಾವುದು, ಎಲುಬಿನ ಮಜ್ಜೆಯ ಒಳ್ಳೆಯ ಕೋಶ ಯಾವುದು ಎಂಬ ವಿವೇಚನೆ ಅವಕ್ಕಿಲ್ಲ. ಆದುದರಿಂದ ಸೋಂಕನ್ನು ತಡೆಯುವ ಬಿಳಿಯ ರಕ್ತಕಣಗಳೂ ಕುಗ್ಗುತ್ತವೆ. ಗುಳಿಗೆ ನೋಡಲು ಚಿಕ್ಕದು. ಅದರ ಪ್ರಭಾವ ಚಿಕ್ಕದಲ್ಲ.

ಮೊದಲ ತಿಂಗಳುಗಳ ಕಠಿಣ ಚಿಕಿತ್ಸೆ ಮುಗಿದ ಮೇಲೆ, ಮಗು ಸುಮಾರು ಎರಡು ವರ್ಷ ಮನೆಯಲ್ಲಿಯೇ ಮರ್ಕಾಪ್ಟೊಪ್ಯೂರಿನನ್ನು ದಿನಕ್ಕೊಮ್ಮೆ, ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ನುಂಗಬೇಕು. ತೊಡಕು ಇರುವುದು ಇಲ್ಲಿಯೇ. ಮಗು ಆಡಿಕೊಂಡಿದೆ, ರೋಗದ ಸುಳಿವಿಲ್ಲ. ಇನ್ನೇಕೆ ಈ ಕಹಿ ಎಂದು ಹೆತ್ತವರಿಗೆ ತೋರುವುದು ಸಹಜ. ಆದರೆ ಅಡಗಿರುವ ಕೆಲವೇ ಕೋಶಗಳು ಮತ್ತೆ ತಲೆಯೆತ್ತಬಲ್ಲವು. ಅಮೆರಿಕೆಯಲ್ಲಿ ನಡೆದು 2012 ಮತ್ತು 2015ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ಗೊತ್ತುಪಡಿಸಿದ ಮರ್ಕಾಪ್ಟೊಪ್ಯೂರಿನಿನಲ್ಲಿ ನೂರಕ್ಕೆ 95 ಪಾಲಿಗಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ರೋಗ ಮರುಕಳಿಸುವ ಸಂಭವ ಎರಡು ಪಟ್ಟನ್ನೂ ಮೀರಿತ್ತು. ವಾಚಕರೇ ಲೆಕ್ಕ ಹಾಕಲಿ: ತಿಂಗಳಿಗೆ ಎರಡು ದಿನ ಮರೆತರೆ ಸಾಕು, ಆ ಗೆರೆಯಿಂದ ಕೆಳಗಿಳಿದಂತೆಯೇ.

ಮರೆವು ಹೇಗೋ ಹಾಗೆಯೇ ಅತಿಯೂ ಕೆಡುಕು. ವಾರದ ಗುಳಿಗೆಯ ನಡುವಣ ಬಿಡುವಿನಲ್ಲಿ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳುತ್ತವೆ. ಅದನ್ನೇ ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇನ್ನು ಜ್ವರದ ಮಾತು. ಬಿಳಿಯ ಕಣಗಳು ಕುಗ್ಗಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೆಂದರೆ ಬೆಳಗಾಗಲೆಂದು ಕಾಯುವ ವಿಷಯವಲ್ಲ. ಆ ಕ್ಷಣವೇ ವೈದ್ಯರನ್ನು ಕಾಣಬೇಕು.

ಇಷ್ಟೆಲ್ಲವನ್ನೂ ಒಂದು ಚೀಟಿಯಲ್ಲಿ ಗೀಚಿ ತಾಯಿಯ ಕೈಗಿತ್ತು ಕಳುಹಿಸುವುದು ನ್ಯಾಯವಲ್ಲ. ಯಾವ ದಿನ ಯಾವ ಗುಳಿಗೆ ಎಂಬುದನ್ನು ತೋರಿಸುವ ಕನ್ನಡದ ಪಟ್ಟಿ, ರಾತ್ರಿಯಲ್ಲಿಯೂ ಉತ್ತರ ದೊರೆಯುವ ದೂರವಾಣಿ, ತಾಲ್ಲೂಕಿನ ಆಸ್ಪತ್ರೆಯಲ್ಲೇ ರಕ್ತಪರೀಕ್ಷೆ, ಈ ವಿಷಯದಲ್ಲಿ ತರಬೇತಿ ಪಡೆದ ಆಶಾ ಕಾರ್ಯಕರ್ತೆಯ ಭೇಟಿ, ನಡುವೆ ನಿಲ್ಲದ ಮದ್ದಿನ ಪೂರೈಕೆ ಇವೂ ಚಿಕಿತ್ಸೆಯ ಅಂಗಗಳೇ. ಜನದಟ್ಟಣೆಯ ಆಸ್ಪತ್ರೆಗಳಿಗೆ ಇದಕ್ಕೆಲ್ಲ ವ್ಯವಧಾನವೆಲ್ಲಿ ಎಂದು ಕೆಲವರು ಕೇಳಿಯಾರು. ಮಾತು ನಿಜ. ಆದರೆ ಮರುಕಳಿಸಿದ ರೋಗದ ಚಿಕಿತ್ಸೆ ಇದಕ್ಕಿಂತ ಎಷ್ಟೋ ದುಬಾರಿ, ಅದರಲ್ಲಿ ಗೆಲುವಿನ ಆಸೆಯೂ ಕಡಿಮೆ.

ವಿದ್ಯಾರ್ಥಿಗಳು ಇಲ್ಲಿ ಬರಿಯ ವಾಚಕರಾಗಿ ಉಳಿಯಬೇಕಾಗಿಲ್ಲ. ನೆರೆಮನೆಯಲ್ಲಿ ಇಂತಹ ರೋಗಿಯಿದ್ದರೆ, ಓದುಬಲ್ಲ ನೀವು ಆ ಪಟ್ಟಿಯನ್ನು ಓದಿ ಹೇಳಬಹುದು. ನುಂಗಿದ ದಿನಕ್ಕೆ ಗುರುತು ಹಾಕಿಸಬಹುದು. ವೈದ್ಯರನ್ನು ಕೇಳದೆ ಗುಳಿಗೆಯನ್ನು ಪುಡಿಮಾಡಬಾರದು, ಬಸುರಿಯರು ಅದನ್ನು ಬರಿಗೈಯಲ್ಲಿ ಮುಟ್ಟಬಾರದು ಎಂದು ತಿಳಿಸಬಹುದು. ವಿಜ್ಞಾನವು ಗುಳಿಗೆಯನ್ನು ಕೊಟ್ಟಿದೆ. ಅದು ಹೊತ್ತಿಗೆ ಸರಿಯಾಗಿ ಮಗುವಿನ ಬಾಯಿಗೆ ಬೀಳುವಂತೆ ನೋಡಿಕೊಳ್ಳುವುದು ಸಮಾಜದ ಕೆಲಸ.