ಶಾಲೆಯ ಅಂಗಳದಲ್ಲೊಂದು ಗುಂಟೆ ಕೈತೋಟ

ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ತುಂಬಿದಾಗ 51 ಟಿಎಂಸಿ ಅಡಿ ನೀರು ಅದರ ಒಡಲಲ್ಲಿ ನಿಲ್ಲುತ್ತದೆ. ಮಳೆಗಾಲ ಬಂತೆಂದರೆ ನೀರಿನ ಮಟ್ಟವು 2175 ಅಡಿಗೆ ಮುಟ್ಟಿತೇ ಎಂದು ನಮ್ಮ ಹಿರಿಯರು ದಿನವೂ ವಿಚಾರಿಸುತ್ತಾರೆ. ಘಟಪ್ರಭೆಯ ಕಾಲುವೆಗಳು ಹರಿದ ಕಡೆಯಲ್ಲೆಲ್ಲ, ಹುಕ್ಕೇರಿಯಿಂದ ಗೋಕಾಕ, ಮೂಡಲಗಿಯವರೆಗೆ, ಕಣ್ಣು ಹಾಯಿಸಿದಷ್ಟು ದೂರ ಕಬ್ಬಿನ ಹಸಿರು. ಇಷ್ಟು ಹಸಿರಿನ ನಡುವೆ ಬೆಳೆಯುವ ಮಗುವಿನ ತಾಟಿನಲ್ಲಿ ಹಸಿರು ಎಷ್ಟಿದೆ? ಈ ತಿಂಗಳು ಸದ್ಭಕ್ತರ ಮುಂದೆ ನಾವು ಇಡಬಯಸುವ ಪ್ರಶ್ನೆ ಇದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನವರಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಈ ಮಕ್ಕಳೇ ಮುಂದೆ ಶಾಲೆಯ ಬಾಗಿಲಿಗೆ ಬರುತ್ತಾರೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಪಾಠದಲ್ಲಿ ಅದರ ಮನಸ್ಸು ನಿಲ್ಲುವುದಿಲ್ಲ. ಅದನ್ನು ನಾವು ಸೋಮಾರಿತನವೆಂದು ಕರೆದು ಗದರಿಸುತ್ತೇವೆ.

ಕಬ್ಬನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಮನೆ ಕಟ್ಟಿಸಿದ್ದು, ಮಕ್ಕಳ ಶುಲ್ಕ ತುಂಬಿದ್ದು ಆ ಬೆಳೆಯೇ. ಆದರೆ ಜೋಳ, ತೊಗರಿ, ಹೆಸರು ಕೂಡಿ ಬೆಳೆಯುತ್ತಿದ್ದ ಹೊಲದಲ್ಲಿ ಕಿರಕಸಾಲಿ, ಹಕ್ಕರಿಕೆ, ರಾಜಗಿರಿಗಳು ಬದುವಿನಲ್ಲಿಯೂ ಸಾಲಿನಲ್ಲಿಯೂ ಸಿಗುತ್ತಿದ್ದವು. ತಾಯಂದಿರು ಹೊಲದಿಂದ ಬರುವಾಗ ಉಡಿಯಲ್ಲಿ ಪಲ್ಲೆ ತರುತ್ತಿದ್ದರು. ವರ್ಷವಿಡೀ ಒಂದೇ ಬೆಳೆ ನಿಲ್ಲುವ, ಕಳೆನಾಶಕ ಸಿಂಪಡಿಸುವ ಭೂಮಿಯಲ್ಲಿ ಆ ಸೊಪ್ಪುಗಳಿಗೆ ಎಡೆಯಿಲ್ಲ. ಇಂದು ಪಲ್ಲೆ ಸಂತೆಯಲ್ಲಿ ಕೊಳ್ಳುವ ವಸ್ತು. ಅನೇಕ ಮಕ್ಕಳಿಗೆ ಅವುಗಳ ಹೆಸರೂ ತಿಳಿಯದು.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಈ ಭಾಗದ ಪ್ರತಿಯೊಂದು ಶಾಲೆಗೂ, ಅದು ಸರ್ಕಾರದ್ದಿರಲಿ, ಮಠಮಾನ್ಯಗಳದ್ದಿರಲಿ, ಒಂದು ಕೈತೋಟ ಬೇಕು. ಅದು ಅಲಂಕಾರಕ್ಕಲ್ಲದೆ ಪಾಠಕ್ಕೂ ಊಟಕ್ಕೂ ಒದಗಬೇಕು. ಇದು ಹೊಸ ಮಾತೇನಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಇಟ್ಟ ‘ಕಿಂಡರ್‌ಗಾರ್ಟನ್’ ಎಂಬ ಹೆಸರಿನ ಅರ್ಥವೇ ಮಕ್ಕಳ ತೋಟ. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮನ್ನು ಮುಂದಿಟ್ಟಾಗ ಕೈಗೆಲಸವೇ ವಿದ್ಯೆಯ ಬೇರಾಗಬೇಕೆಂದು ಬಯಸಿದರು. ಕೇಂದ್ರ ಸರ್ಕಾರವೂ 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿದೆ. ಆದೇಶಕ್ಕೆ ಕೊರತೆಯಿಲ್ಲ, ಅದನ್ನು ತಮ್ಮದೆಂದು ಕೈಗೆತ್ತಿಕೊಳ್ಳುವವರು ಊರೂರಿನಲ್ಲಿ ಬೇಕು.

ತೋಟವು ಪಾಠಶಾಲೆಯಾಗುವುದು ಹೇಗೆ? ಗುಂಟೆ ಎಂಬ ಮಾತನ್ನು ನಮ್ಮ ಮಕ್ಕಳು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದಾರೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವನ್ನು ಹಗ್ಗ ಹಿಡಿದು ತಾವೇ ಅಳೆದಾಗ 1,089 ಚದರ ಅಡಿಯೆಂಬ ಲೆಕ್ಕವು ಕಾಲಿಗೆ ತಿಳಿಯುತ್ತದೆ. ಅಂಥ ನಲವತ್ತು ಚೌಕಗಳು ಕೂಡಿದರೆ ಒಂದು ಎಕರೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಲೆಕ್ಕದಿಂದ, ಹತ್ತು ಮಿಲಿಮೀಟರ್ ಮಳೆಗೆ ಒಂದು ಗುಂಟೆಯ ಮೇಲೆ ಸುಮಾರು ಸಾವಿರ ಲೀಟರ್ ನೀರು ಬಿತ್ತೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಇಪ್ಪತ್ತು ಬೀಜ ಬಿತ್ತಿ ಮೊಳೆತವನ್ನು ಎಣಿಸಿದರೆ ಶೇಕಡಾವಾರು ಅರ್ಥವಾಗುತ್ತದೆ. ಕುಂಬಳದ ಬಳ್ಳಿಯಲ್ಲಿ ಯಾವ ಹೂವಿನ ಕೆಳಗೆ ಎಳೆಗಾಯಿಯಿದೆ, ಯಾವುದಕ್ಕಿಲ್ಲ ಎಂದು ನೋಡಿದವರು ಹೆಣ್ಣು ಹೂ, ಗಂಡು ಹೂ, ದುಂಬಿಯ ಕೆಲಸ ಇವನ್ನು ಬಾಯಿಪಾಠ ಮಾಡಬೇಕಿಲ್ಲ.

ಆರೋಗ್ಯದ ಪಾಠವಂತೂ ಅಲ್ಲಿಯೇ ಇದೆ. ಮನೆಯಲ್ಲಿ ಮೆಂತ್ಯ ಪಲ್ಲೆಯನ್ನು ತಾಟಿನ ಅಂಚಿಗೆ ಸರಿಸುವ ಮಗು, ತಾನು ನೀರುಣಿಸಿ ಬೆಳೆದ ಮೆಂತ್ಯವನ್ನು ರುಚಿ ನೋಡದೆ ಬಿಡುವುದು ವಿರಳ. ನುಗ್ಗೆ, ರಾಜಗಿರಿ, ಮೆಂತ್ಯ, ಪುಂಡಿಪಲ್ಲೆಗಳನ್ನು ಸರದಿಯಂತೆ ಬೆಳೆಯಬಹುದು. ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಲಿಂಬೆಹುಳಿಯಂಥ ‘ಸಿ’ ಜೀವಸತ್ವದ ಪದಾರ್ಥ ನೆರವಾಗುತ್ತದೆ. ಊಟದ ಜೊತೆಗೆ ಕುಡಿದ ಚಹಾ ಅಡ್ಡಿಯಾಗುತ್ತದೆ. ಆದುದರಿಂದ ತೋಟದ ಮೂಲೆಗೊಂದು ಲಿಂಬೆ ಗಿಡ ಇರಲಿ. ಕೆಲವು ಎಚ್ಚರಗಳೂ ಅಗತ್ಯ. ಕೊಕ್ಕೆಹುಳುವಿನ ಮರಿಗಳು ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಒಳಸೇರಿ, ಕರುಳಿನಲ್ಲಿ ನೆಲೆನಿಂತು ರಕ್ತ ಹೀರುತ್ತವೆ. ಆದುದರಿಂದ ಮಕ್ಕಳು ಪಾದರಕ್ಷೆ ಧರಿಸಿಯೇ ತೋಟಕ್ಕಿಳಿಯಲಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಲಿ, ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸದಿರಲಿ. ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಹಾಕಿಸಬೇಕಾದ ಧನುರ್ವಾಯು ನಿರೋಧಕ ಲಸಿಕೆಯನ್ನು ಪಾಲಕರು ಮರೆಯಬಾರದು. ರಾಸಾಯನಿಕ ಕೀಟನಾಶಕದ ಡಬ್ಬಿಯಂತೂ ಶಾಲೆಯ ಗೇಟು ದಾಟಕೂಡದು.

“ಹೊಲದ ಕೆಲಸ ತಪ್ಪಲೆಂದೇ ಶಾಲೆಗೆ ಕಳಿಸಿದ್ದೇವೆ, ಅಲ್ಲಿಯೂ ಕಳೆ ಕೀಳಬೇಕೇ?” ಎಂದು ಕೇಳುವ ಪಾಲಕರಿದ್ದಾರೆ. ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು. ಶಾಲೆಯಲ್ಲಿ ಕಸ ಬಳಿಯುವ, ನೀರು ಹೊರುವ ಕೆಲಸವು ಕೆಲವೇ ಕುಲದ, ಕೆಲವೇ ಬಡವರ ಮಕ್ಕಳ ಪಾಲಿಗೆ ಬಂದ ನೋವು ಅನೇಕರ ನೆನಪಿನಲ್ಲಿದೆ. ಹಾಗೆ ಆಗುವುದಾದರೆ ಅಂಥ ತೋಟ ಬೇಡವೇ ಬೇಡ. ವೈದ್ಯರ ಮಗಳೂ ಕೂಲಿಕಾರನ ಮಗನೂ ಒಂದೇ ಸರದಿಯಲ್ಲಿ ಗೊಬ್ಬರ ಮುಟ್ಟಬೇಕು. ಗುರುಗಳೂ ಅವರೊಡನೆ ಬಾಗಬೇಕು. ತೋಟದ ಕೆಲಸವನ್ನು ಎಂದೂ ಶಿಕ್ಷೆಯಾಗಿ ವಿಧಿಸಬಾರದು. ವಾರಕ್ಕೆ ಎರಡು ತರಗತಿಯ ವೇಳೆಗಿಂತ ಹೆಚ್ಚು ಬೇಕಿಲ್ಲ. ಶರಣರು ಕಾಯಕದಲ್ಲಿ ಮೇಲು ಕೀಳನ್ನು ಎಣಿಸಲಿಲ್ಲ ಎಂದು ವೇದಿಕೆಯ ಮೇಲೆ ಹೇಳುವ ನಾವು, ಮಕ್ಕಳಿಗೆ ಅದನ್ನು ತೋರಿಸಿಕೊಡಲು ಇದಕ್ಕಿಂತ ಸರಳವಾದ ಸ್ಥಳ ಯಾವುದಿದೆ?

ತೋಟವು ಬಹುಮಾನದ ಪೈಪೋಟಿಯಾಗಲಿ, ಮಾರಾಟದ ಮಾಲಾಗಲಿ ಆಗಬಾರದು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ತಿದ್ದಿ, ಮಿಕ್ಕಿದ್ದನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಭಕ್ತರು ಬಲ್ಲರು. 2002ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರಿದೆ. ತೋಟದ ಸೊಪ್ಪು ಆ ಸಾರಿಗೆ ಸೇರಲಿ. ಒಂದು ಗುಂಟೆಯು ಇಡೀ ಶಾಲೆಯನ್ನು ಸಾಕಲಾರದು ನಿಜ. ಆದರೆ ಮಕ್ಕಳು ಆ ಸಾರಿನಲ್ಲಿ ತಮ್ಮ ಪಾಲನ್ನು ಗುರುತಿಸಬಲ್ಲರು.

ಅಡಚಣೆಗಳು ಇವೆ. ಶಾಲೆ ಮುಚ್ಚುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಬಿಸಿಲು ಹೆಚ್ಚು, ನೀರು ಕಡಿಮೆ. ಆಗ ಪಲ್ಲೆಯ ಮಡಿಗಳಿಗೆ ಬಿಡುವು ಕೊಟ್ಟು, ನುಗ್ಗೆ, ಕರಿಬೇವು, ಲಿಂಬೆ, ಪಪ್ಪಾಯಿಗಳನ್ನಷ್ಟೇ ಉಳಿಸಿಕೊಂಡರೆ ಸಾಕು. ಕಬ್ಬಿನ ರವದಿಯನ್ನು ಸುಡುವ ಬದಲು ಗಿಡದ ಬುಡಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ. ಮಕ್ಕಳು ಕೈ ತೊಳೆದ ನೀರನ್ನು ಚಿಕ್ಕ ಕಾಲುವೆ ತೋಡಿ ಗಿಡಗಳಿಗೆ ತಿರುಗಿಸಬಹುದು. ನೀರು ಬಸಿಯದ ಕಪ್ಪುಮಣ್ಣಿನಲ್ಲಿ ಮಡಿಗಳನ್ನು ತುಸು ಎತ್ತರಿಸಬೇಕು. ಜಾಗವೇ ಇಲ್ಲದ ಶಾಲೆಯವರು ಮಣ್ಣು ತುಂಬಿದ ಚೀಲಗಳಲ್ಲಿ ಮೆಂತ್ಯ ಬೆಳೆಯಬಹುದು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವು ನಮ್ಮ ನೆರೆಯಲ್ಲಿಯೇ ಇದೆ. ಗೊತ್ತಿಲ್ಲದ್ದನ್ನು ಹೋಗಿ ಕೇಳಲು ಸಂಕೋಚವೇಕೆ?

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಮಠಕ್ಕೆ ಬರುವಾಗ ಕಾಯಿ ಕರ್ಪೂರ ತರುತ್ತೀರಿ. ಈ ಮುಂಗಾರಿನಲ್ಲಿ ನಿಮ್ಮ ಊರ ಶಾಲೆಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಮನೆಯಲ್ಲಿ ಕಟ್ಟಿಟ್ಟ ಜವಾರಿ ಬೀಜದ ಒಂದು ಗಂಟು ಒಯ್ದು ಕೊಡಿರಿ. ಹಕ್ಕರಿಕೆಯನ್ನು ಗುರುತಿಸಬಲ್ಲ ಅಜ್ಜಿಯನ್ನು ಒಂದು ದಿನ ಶಾಲೆಗೆ ಕರೆದೊಯ್ಯಿರಿ. ಆ ದಿನ ಅವರೇ ಗುರುಗಳು. ಹಿಡಕಲ್ಲಿನ ನೀರು ನಮ್ಮ ಹೊಲಗಳಿಗೆ ಬಂದು ದಶಕಗಳು ಕಳೆದವು. ಅದರಲ್ಲಿ ನಾಲ್ಕು ಕೊಡ ಮಕ್ಕಳ ತಾಟಿನ ಕಡೆಗೂ ಹರಿಯಲಿ. ಶರಣು.