ಅರ್ಧಕ್ಕೆ ನಿಂತ ಪ್ರಶ್ನೆ

ಲತೀನ್ ಪೂಜೆಯನ್ನು ಕಿವಿಯಾರೆ ಕೇಳಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ವಿರಳ. ಗುರುಗಳು ಜನರಿಗೆ ಬೆನ್ನುಮಾಡಿ ಪೀಠದತ್ತ ತಿರುಗಿ ನಿಂತು ಲತೀನಿನಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರೆ, ನೆಲದ ಮೇಲೆ ಕುಳಿತ ಹೆಂಗಸರು ಅದರ ಪಾಡಿಗೆ ಅದನ್ನು ಬಿಟ್ಟು ಕನ್ನಡದಲ್ಲಿ ಜಪಸರ ಹೇಳಿಕೊಳ್ಳುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಸುಧಾರಣೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದಾಚೆಗೆ ಗುರುಗಳು ನಮ್ಮ ಕಡೆ ತಿರುಗಿದರು, ಪೂಜೆ ಕನ್ನಡವಾಯಿತು. ಆದರೆ ಅಂದು ನಮಗೆ ಸಿಕ್ಕ ಮಾತು ಭಾಷೆಯದ್ದಷ್ಟೇ ಅಲ್ಲ. ಹಬ್ಬಗಳ ತಿರುಳು ಯಾವುದು, ಕಾಲಕಾಲಕ್ಕೆ ಬಂದು ಸೇರಿಕೊಂಡ ಸಿಪ್ಪೆ ಯಾವುದು ಎಂದು ವಿಶ್ವಾಸಿಗಳೇ ಕೇಳಿಕೊಳ್ಳಬೇಕು ಎಂಬ ಕರೆಯೂ ಅದರಲ್ಲಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಕ್ರೈಸ್ತರಾದ ನಾವು ಆ ಕರೆಯನ್ನು ಏನು ಮಾಡಿದೆವು ಎಂದು ಲೆಕ್ಕ ನೋಡುವ ಕಾಲ ಬಂದಿದೆ.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಸಂನ್ಯಾಸಿಯಂತೆ ಬದುಕಿದರು. 1659ರಲ್ಲಿ ರೋಮ್ ತನ್ನ ಮಿಷನರಿಗಳಿಗೆ ಬರೆದ ಸೂಚನೆಯಲ್ಲಿ, ಯುರೋಪಿನ ಆಚಾರಗಳನ್ನು ಪೂರ್ವದೇಶಗಳಿಗೆ ಹೊತ್ತೊಯ್ಯಬೇಡಿ, ವಿಶ್ವಾಸವನ್ನು ಮಾತ್ರ ಒಯ್ಯಿರಿ ಎಂಬ ಎಚ್ಚರಿಕೆಯಿತ್ತು. ಆ ಪರಂಪರೆಯಿಂದಲೇ ಬಂದ ಫ್ರೆಂಚ್ ಮಿಷನರಿ ಆಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ವರ್ಷಗಳನ್ನು ಕಳೆದರು. 1823ರಲ್ಲಿ ಮರಳಿ ಹೋಗುವ ಹೊತ್ತಿಗೆ ತಮ್ಮ ಕೆಲಸದ ಫಲದ ಬಗ್ಗೆ ಅವರಿಗೆ ಉಳಿದಿದ್ದುದು ನಿರಾಶೆಯೇ. ಸೂಚನೆ ಒಂದು ದಾರಿ ಹಿಡಿದರೆ ನಡೆ ಇನ್ನೊಂದು ದಾರಿ ಹಿಡಿಯಿತು. ಗುಡಿಯ ಗೋಪುರ, ಬಿಳಿಯ ಮದುವೆ ಉಡುಪು, ಹಾಡಿನ ರಾಗ ಎಲ್ಲವೂ ಹಡಗೇರಿ ಬಂದವು.

ಜನ ಮಾತ್ರ ಯಾರ ಸೂಚನೆಗೂ ಕಾಯಲಿಲ್ಲ. ಕೆ.ಆರ್. ನಗರದ ಬಳಿಯ ಡೋರನಹಳ್ಳಿಯ ಕಥೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹೊಲ ಉಳುತ್ತಿದ್ದ ರೈತನೊಬ್ಬನಿಗೆ ನೇಗಿಲ ಮೊನೆಗೆ ಮರದ ಮೂರ್ತಿಯೊಂದು ಸಿಕ್ಕಿತಂತೆ. ಅದನ್ನು ಗೊಂಬೆಯೆಂದು ಮಕ್ಕಳ ಕೈಗೆ ಕೊಟ್ಟ ಮನೆಗೆ ಕಾಯಿಲೆ ಬಂದು, ಆಮೇಲೆ ಅದು ಸಂತ ಅಂತೋಣಿಯವರದೆಂದು ತಿಳಿಯಿತಂತೆ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ತೇರಿದೆ, ಮುಡಿ ಕೊಡುವುದಿದೆ, ಊಟವಿಡುವುದಿದೆ. ಈಚಿನ ವರ್ಷಗಳಲ್ಲಿ ರೋಮ್ ಅಲ್ಲಿನ ಗುಡಿಗೆ ಕಿರು ಬಸಿಲಿಕದ ಗೌರವವನ್ನೂ ಕೊಟ್ಟಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಕಾಯಿಲೆಯ ಮಗುವನ್ನು ಎತ್ತಿಕೊಂಡು ಎಚ್.ಡಿ. ಕೋಟೆಯ ಕಡೆಯಿಂದ ಬರುವ ತಾಯಿಯ ಪ್ರಾರ್ಥನೆಯನ್ನು ತೂಗಿ ನೋಡಲು ನಾವಾರು? ಆದರೂ ಕೇಳಬೇಕಾದ್ದು ಉಳಿದೇ ಇದೆ: ಆಸ್ತಿಯನ್ನೆಲ್ಲ ಬಿಟ್ಟು ಬಡವರ ಸಂಗಡ ಬಾಳಿದ ಅಂತೋಣಿಯವರ ಬದುಕು ನಮಗೆಷ್ಟು ಗೊತ್ತು? ಕೇಳಿದ್ದು ಕೊಡುವವರೆಂದು ಅವರನ್ನು ಬಲ್ಲೆವು. ಬಿಟ್ಟುಕೊಟ್ಟವರೆಂದು ಬಲ್ಲೆವೇ?

ಪ್ರಶ್ನೆ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದಕ್ಕೆ ಮೈಸೂರಿನ ಮಹಾದೇವಾಲಯವೇ ಸಾಕ್ಷಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಸ್ತಿಭಾರ ಹಾಕಿದ ಆ ಗುಡಿ ಸಂತ ಫಿಲೋಮಿನಾ ಹೆಸರಿನದು. ಆಕೆಯ ಬಗ್ಗೆ ಇರುವ ಆಧಾರವೆಂದರೆ 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಸಿಕ್ಕ ಎಲುಬುಗಳು ಮತ್ತು ಬರಹವಿದ್ದ ಹೆಂಚುಗಳು. ಇತಿಹಾಸ ಅಷ್ಟಕ್ಕೇ ನಿಲ್ಲುತ್ತದೆ ಎಂದು ಕಂಡು, 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಆರಾಧನಾ ಪಂಚಾಂಗದಿಂದ ತೆಗೆಯಿತು. ಇಲ್ಲಿ ಗುಡಿಯ ಹೆಸರು ಹೋಗಲಿಲ್ಲ, ಫಿಲೋಮಿನಾ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವುದೂ ನಿಲ್ಲಲಿಲ್ಲ. ಅದು ಸರಿಯೇ. ಆದರೆ ರೋಮ್ ಯಾಕೆ ಹಾಗೆ ಮಾಡಿತು ಎಂಬುದನ್ನು ಹಳ್ಳಿಯ ಗುಡಿಗಳಲ್ಲಿ ಬಿಡಿಸಿ ಹೇಳಬಹುದಿತ್ತು. ವಿಶ್ವಾಸ ಅಲುಗಾಡೀತು ಎಂಬ ಅಂಜಿಕೆ ಬೇಕಿರಲಿಲ್ಲ.

ಅಂಜದೆ ಕೇಳಿದವರೊಬ್ಬರು ನಮ್ಮ ನಡುವೆಯೇ ಇದ್ದರು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಬೈಬಲ್, ಧರ್ಮಬೋಧನೆ, ಆರಾಧನೆಗಳ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್, ಪೂಜೆಯಲ್ಲಿ ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಆರತಿ, ಅಂಜಲಿಹಸ್ತ ಮುಂತಾದ 12 ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆತ ಪ್ರಯತ್ನದ ಮುಂಚೂಣಿಯಲ್ಲಿದ್ದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ಪೀಠವನ್ನು ನಡೆಸುತ್ತ, ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ಅಂಜಲಿ ಆಶ್ರಮ ಕಟ್ಟಿ, ಮೌನಕ್ಕೂ ಧ್ಯಾನಕ್ಕೂ ಜಾಗ ಮಾಡಿಕೊಟ್ಟರು. 1990ರಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದದ್ದು ಈ ಸೀಮೆಗಾದ ದೊಡ್ಡ ನಷ್ಟ. ಅವರ ಈ ಪ್ರಯೋಗಗಳು ಹಿಂದೂಕರಣ ಎಂದು ಒಂದು ಕಡೆ ಸಿಟ್ಟಾದವರಿದ್ದರು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ದಲಿತ ಕ್ರೈಸ್ತ ಚಿಂತಕರದ್ದು: ಉಪನಿಷತ್ತು ಗುಡಿಯೊಳಗೆ ಬಂತು, ತಮಟೆ ಯಾಕೆ ಹೊರಗೆ ನಿಂತಿತು? ಆ ಆಕ್ಷೇಪ ನಮಗೆ ಒಪ್ಪಿಗೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವಳ ಸೋಬಾನೆ ಪದಕ್ಕೆ ಆ ಹನ್ನೆರಡರಲ್ಲಿ ಜಾಗವಿರಲಿಲ್ಲ.

ಈಗ ಆರತಿ ಉಳಿದಿದೆ, ಮೌನ ಉಳಿದಿಲ್ಲ. ಹಿಂದೆ ತಪಸ್ಸುಕಾಲದ ನಲವತ್ತು ದಿನ ಮನೆಯಲ್ಲಿ ಮಾಂಸ ಬೇಯುತ್ತಿರಲಿಲ್ಲ, ಮದುವೆಯ ಮಾತು ಏಳುತ್ತಿರಲಿಲ್ಲ. ಆ ಕಟ್ಟು ಸಡಿಲಾಗಿ ಬಹಳ ಕಾಲವಾಯಿತು. ಕ್ರಿಸ್ತ ಜಯಂತಿಗೆ ಹುಲ್ಲು, ಜೇಡಿಮಣ್ಣು ತಂದು ಮಕ್ಕಳೇ ಕಟ್ಟುತ್ತಿದ್ದ ಗೋದಲಿಯ ಜಾಗಕ್ಕೆ ಅಂಗಡಿಯ ಸಿದ್ಧ ಸೆಟ್ಟು ಬಂದಿದೆ. ಡಿಸೆಂಬರ್ 25 ಬೈಬಲಿನಲ್ಲಿ ಇಲ್ಲ ಎಂದು ಕೆಲವು ಪ್ರಾರ್ಥನಾ ಕೂಟಗಳವರು ಹೇಳಿದಾಗ ನಮ್ಮವರು ಮುನಿಯುತ್ತಾರೆ. ಮುನಿಯಬೇಕಾಗಿಲ್ಲ, ಅದು ನಿಜ. ಆ ದಿನದ ಆಚರಣೆಗೆ ರೋಮಿನಲ್ಲಿ ಸಿಗುವ ಹಳೆಯ ದಾಖಲೆ 4ನೆಯ ಶತಮಾನದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದ ಕ್ರೈಸ್ತರಿಗೆ ಕ್ರೈಸ್ತರೇ ದಂಡ ಹಾಕುವ ಕಾನೂನಿತ್ತು. ತಾರೀಖು ಬಿದ್ದುಹೋದರೆ ಹಬ್ಬವೂ ಬಿದ್ದುಹೋಗುತ್ತದೆ ಎಂದು ನಾವು ನಂಬುವುದಿಲ್ಲ. ಇರಲು ಮನೆ ಸಿಗದವರ ಮಗುವಾಗಿ ದೇವರು ಬಂದ ಎಂಬುದು ತಾರೀಖಿನ ಮೇಲೆ ನಿಂತ ಮಾತಲ್ಲ.

2020ರ ಏಪ್ರಿಲ್ 12ರಂದು, ಲಾಕ್‌ಡೌನಿನ ನಡುವೆ, ಗುಡಿಗಳ ಬಾಗಿಲು ಮುಚ್ಚಿದ್ದಾಗಲೇ ಪಾಸ್ಖ ಹಬ್ಬ ಬಂದು ಹೋಯಿತು. ಮೆರವಣಿಗೆಯಿಲ್ಲ, ಹೊಸ ಬಟ್ಟೆಯಿಲ್ಲ. ಮನೆಮಂದಿ ಕೂತು ಸುವಾರ್ತೆ ಓದಿದರು, ಎಷ್ಟೋ ಕಡೆ ಓದಿದವರು ಅಜ್ಜಿಯಂದಿರು. ಮರುವರ್ಷಗಳಲ್ಲಿ ಧ್ವನಿವರ್ಧಕಗಳು ಇನ್ನೂ ಜೋರಾಗಿ ಮರಳಿದವು; ಆ ಮನೆಯ ಓದಿಗೆ ನಮ್ಮ ಧರ್ಮಕೇಂದ್ರಗಳ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಬರುವ ತಪಸ್ಸುಕಾಲಕ್ಕಾದರೂ ವಾರಕ್ಕೊಂದು ಸಂಜೆ ಅದಕ್ಕೆ ಮೀಸಲಾಗಲಿ. ಅಂತೋಣಿ ಯಾರು, ಫಿಲೋಮಿನಾ ಯಾರು, ಡಿಸೆಂಬರ್ 25 ಯಾಕೆ ಎಂದು ಮಕ್ಕಳು ಕೇಳಲಿ, ಗುರುಗಳು ತಿಳಿದಷ್ಟು ಹೇಳಲಿ.