ಮಲಗಿದರೆ ದಂಡ, ಚಿತ್ರ ತೆಗೆದರೆ ವಿನಾಯಿತಿ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಚಳಿಗಾಲದಲ್ಲಿ, ಅಮೆರಿಕದ ನೌಕಾಪಡೆಯಿಂದ ಬಿಡುಗಡೆ ಹೊಂದಿದ್ದ ವಾರೆನ್ ಮಿಲ್ಲರ್ ಎಂಬ ತರುಣ ತನ್ನ ಗೆಳೆಯನೊಬ್ಬನ ಜೊತೆ ಐಡಹೊ ರಾಜ್ಯದ ಸನ್ ವ್ಯಾಲಿ ಎಂಬ ಹಿಮಕ್ರೀಡಾ ತಾಣಕ್ಕೆ ಬಂದಿಳಿದ. ರೈಲ್ವೆ ಕಂಪನಿಯೊಂದು ಶ್ರೀಮಂತರಿಗಾಗಿ ಕಟ್ಟಿಸಿದ್ದ ವಿಹಾರಧಾಮ ಅದು. ಅಲ್ಲಿ ಕೋಣೆ ಹಿಡಿಯುವಷ್ಟು ಹಣ ಇಬ್ಬರ ಬಳಿಯೂ ಇರಲಿಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ತಂದಿದ್ದ ಪುಟ್ಟ ಗಾಡಿಯಲ್ಲಿಯೇ, ವಾಹನ ನಿಲ್ಲಿಸುವ ಬಯಲಿನಲ್ಲಿ, ಇಡೀ ಚಳಿಗಾಲ ಕಳೆದರು. ಉಪಾಹಾರಗೃಹದಲ್ಲಿ ಪುಕ್ಕಟೆ ಸಿಗುತ್ತಿದ್ದ ಟೊಮೆಟೊ ಕೆಚಪ್ಪಿಗೆ ಬಿಸಿನೀರು ಬೆರೆಸಿ ಸಾರಿನಂತೆ ಕುಡಿದರು. ಹಗಲಲ್ಲಿ ಹಿಮದ ಮೇಲೆ ಜಾರಿದರು. ಒಬ್ಬರು ಜಾರುವುದನ್ನು ಇನ್ನೊಬ್ಬರು 8 ಮಿಲಿಮೀಟರ್ ಕ್ಯಾಮೆರಾದಲ್ಲಿ ಸೆರೆಹಿಡಿದರು. ಮೂರು ವರ್ಷಗಳ ನಂತರ ಮಿಲ್ಲರ್ ಚಲನಚಿತ್ರ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಮುಂದೆ ವರ್ಷಕ್ಕೊಂದರಂತೆ ಹಿಮಕ್ರೀಡೆಯ ಚಿತ್ರಗಳನ್ನು ತಯಾರಿಸಿ, ಊರೂರಿನ ಸಭಾಂಗಣಗಳಲ್ಲಿ ತಾವೇ ನಿಂತು ವಿವರಣೆ ನೀಡುತ್ತ ಪ್ರದರ್ಶಿಸಿದರು. ಆ ಚಿತ್ರಗಳನ್ನು ಕಂಡ ಲಕ್ಷಾಂತರ ಜನ ಬೆಟ್ಟಗಳತ್ತ ಹೊರಟರು.

ಗಾಡಿಯಲ್ಲಿ ವಾಸ, ಬೆಟ್ಟದಲ್ಲಿ ಸಾಹಸ, ಕೈಯಲ್ಲಿ ಕ್ಯಾಮೆರಾ ಎಂಬ ಇಂದಿನ ಜೀವನಕ್ರಮದ ಬೀಜ ಆ ಬಯಲಿನಲ್ಲಿದೆ. ಅದರೊಳಗಿನ ವಿಪರ್ಯಾಸವೂ ಅಲ್ಲಿಯೇ ಇದೆ. ಎರಡು ಮೀಟರ್ ಉದ್ದದ ಹಾಸಿಗೆ, ಒಂದು ಒಲೆ, ಒಂದು ಕೊಡ ನೀರಿನಲ್ಲಿ ಬದುಕಿದ ಮನುಷ್ಯ ಆ ಕಣಿವೆಯ ಮೇಲೆ ಹೊರಿಸಿದ ಭಾರ ಅತ್ಯಲ್ಪ. ಅವನ ಕ್ಯಾಮೆರಾ ಕರೆತಂದ ಭಾರ ಬಹು ದೊಡ್ಡದು. ಆದರೆ ಕಾನೂನಿನ ಕಣ್ಣಿಗೆ ಬೀಳುವುದು ಯಾವಾಗಲೂ ಮೊದಲನೆಯದೇ. ಮಲೆನಾಡಿನ ಪತ್ರಿಕೆಯಲ್ಲಿ ಅಮೆರಿಕದ ಮಾತೇಕೆ ಎಂದು ಓದುಗರು ಕೇಳಬಹುದು. ಮಲಗುವ ವ್ಯಾನುಗಳೂ ಹಾರುವ ಕ್ಯಾಮೆರಾಗಳೂ ನಮ್ಮ ಘಟ್ಟದ ರಸ್ತೆಗಳಿಗೂ ಬಂದಿವೆ. ಅವುಗಳ ಜೊತೆಗೆ ಅಲ್ಲಿನ ಕಾನೂನಿನ ಕುರುಡುತನವೂ ಬರುವುದು ಬೇಡ ಎಂಬ ಕಾರಣಕ್ಕಾಗಿ ಈ ಬರಹ.

2011ರಲ್ಲಿ ಫಾಸ್ಟರ್ ಹಂಟಿಂಗ್ಟನ್ ಎಂಬ ಯುವಕ ನ್ಯೂಯಾರ್ಕಿನ ಉಡುಪು ವಿನ್ಯಾಸದ ಉದ್ಯೋಗ ತೊರೆದು, ಹಳೆಯ ಫೋಕ್ಸ್‌ವ್ಯಾಗನ್ ವ್ಯಾನೊಂದರಲ್ಲಿ ಅಲೆಯತೊಡಗಿ, ತನ್ನ ಛಾಯಾಚಿತ್ರಗಳಿಗೆ ‘ವ್ಯಾನ್‌ಲೈಫ್’ ಎಂಬ ಹಣೆಪಟ್ಟಿ ಹಚ್ಚಿದ. ಅದು ಜಗತ್ತನ್ನೇ ಸುತ್ತಿತು. ಆದರೆ ಅದೇ ದೇಶದಲ್ಲಿ ಬಾಡಿಗೆ ತೆರಲಾರದೆ, ವೃದ್ಧಾಪ್ಯದಲ್ಲಿ ಗೋದಾಮಿನ ಕೂಲಿಯನ್ನೂ ಸಕ್ಕರೆ ಬೀಟ್ ಕೊಯ್ಲಿನ ಕೂಲಿಯನ್ನೂ ನಂಬಿ ವ್ಯಾನಿನಲ್ಲಿ ದಿನ ದೂಡುವವರೂ ಇದ್ದಾರೆ. ಜೆಸ್ಸಿಕಾ ಬ್ರೂಡರ್ ಅವರು 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಇಂಥವರ ಕಥನ. ಒಬ್ಬನಿಗೆ ವ್ಯಾನ್ ವೈರಾಗ್ಯದ ವೇಷ, ಇನ್ನೊಬ್ಬನಿಗೆ ಕೊನೆಯ ಸೂರು. ರಾತ್ರಿ ಕಿಟಕಿ ತಟ್ಟುವ ಪೊಲೀಸನಿಗೆ ಈ ವ್ಯತ್ಯಾಸ ಕಾಣುವುದಿಲ್ಲ; ಕಂಡರೆ ಬಹುಶಃ ಬಡವನಿಗೇ ತೊಂದರೆ ಹೆಚ್ಚು. 2024ರ ಜೂನ್‌ನಲ್ಲಿ, ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಪಟ್ಟಣದ ಮೊಕದ್ದಮೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿ ಮಲಗುವವರಿಗೆ ದಂಡ ವಿಧಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಈ ಬದುಕಿಗೊಂದು ತವರು ಇದೆಯೆಂದಾದರೆ ಅದು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆ. ಅಲ್ಲಿ ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟಾನ್ ಎಂಬ ಗ್ರಾನೈಟ್ ಗೋಡೆ ಇದೆ. ಅದರ ಸೆಳೆತಕ್ಕೆ ಬಂದ ಶಿಲಾರೋಹಿಗಳು ತಲೆಮಾರುಗಳಿಂದ ‘ಕ್ಯಾಂಪ್ 4’ ಎಂಬ ಬಿಡಾರದ ಬಯಲಿನಲ್ಲಿ ಬೀಡುಬಿಟ್ಟಿದ್ದಾರೆ. 1997ರ ಪ್ರವಾಹದ ನಂತರ ಆ ಬಯಲಿನ ಪಕ್ಕದಲ್ಲಿಯೇ ವಸತಿಗೃಹಗಳನ್ನು ಕಟ್ಟುವ ಯೋಜನೆ ಬಂದಾಗ, ಹಿರಿಯ ಆರೋಹಿ ಟಾಮ್ ಫ್ರಾಸ್ಟ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಯೋಜನೆ ನಿಂತಿತು. 2003ರಲ್ಲಿ ಆ ಧೂಳಿನ ಬಯಲು ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಬಡ ಅಲೆಮಾರಿಗಳ ಬಿಡಾರವೂ ಚರಿತ್ರೆಯೇ ಎಂದು ಸರ್ಕಾರವೊಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೂ ನಿಯಮ ನಿಯಮವೇ: ಉದ್ಯಾನದಲ್ಲಿ ವರ್ಷಕ್ಕೆ 30 ರಾತ್ರಿ, ಬೇಸಿಗೆಯ ತಿಂಗಳುಗಳಲ್ಲಿ ಕಣಿವೆಯೊಳಗೆ 7 ರಾತ್ರಿ, ನಿಗದಿತ ಬಿಡಾರದ ಹೊರಗೆ ವಾಹನದಲ್ಲಿ ಮಲಗುವಂತಿಲ್ಲ.

ಈ ನಿಯಮದ ಬಗ್ಗೆ ಸಾಹಸಿಗರು ಗೊಣಗುವುದುಂಟು. ಆದರೆ ಆ ಕಣಿವೆಯಲ್ಲಿ ಬದುಕುವ ಹಕ್ಕಿನ ಪ್ರಶ್ನೆ ವ್ಯಾನುಗಳಿಗಿಂತ ಬಹಳ ಹಳೆಯದು. 1851ರಲ್ಲಿ ಮಾರಿಪೋಸ ಎಂಬ ದಂಡು ಕಣಿವೆಗೆ ನುಗ್ಗಿ ಅಲ್ಲಿನ ಮೂಲನಿವಾಸಿಗಳಾದ ಅಹ್ವಾನೀಚಿ ಜನರನ್ನು ಹೊರದಬ್ಬಿತು. ಮರಳಿ ಬಂದವರ ಹಟ್ಟಿಗಳನ್ನು ಉದ್ಯಾನದ ಆಡಳಿತ ಮುಂದಿನ ದಶಕಗಳಲ್ಲಿ ಒಂದೊಂದಾಗಿ ತೆಗೆಸಿತು; 1969ರಲ್ಲಿ ಉಳಿದಿದ್ದ ಕೊನೆಯ ಮನೆಗಳನ್ನು ಬೆಂಕಿ ಆರಿಸುವ ತರಬೇತಿಯ ಹೆಸರಿನಲ್ಲಿ ಸುಟ್ಟುಹಾಕಲಾಯಿತು. ಅದೇ ವರ್ಷಗಳಲ್ಲಿ ಹೋಟೆಲುಗಳು ಕಣಿವೆಯಲ್ಲಿ ಸುಖವಾಗಿದ್ದವು. ನಾಗರಹೊಳೆಯ ಜೇನುಕುರುಬರ ಕಥೆಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾನಿನಲ್ಲಿ ಬಂದವನು ‘ಇದು ನನ್ನ ಮನೆಯಂಗಳ’ ಎಂದು ಕ್ಯಾಮೆರಾದ ಮುಂದೆ ನಗುವಾಗ, ಆ ಅಂಗಳದಲ್ಲಿ ಯಾರ ಒಲೆ ಆರಿದೆಯೆಂದು ಒಂದು ಮಾತು ಹೇಳಿದರೆ ಚಿತ್ರಕ್ಕೆ ನಷ್ಟವೇನೂ ಇಲ್ಲ.

ಈ ಕಣಿವೆಯಿಂದ ಬಂದ ಅತ್ಯಂತ ಪ್ರಸಿದ್ಧ ಚಿತ್ರ ‘ಫ್ರೀ ಸೋಲೊ’. ಅಲೆಕ್ಸ್ ಹಾನೊಲ್ಡ್ ಸುಮಾರು ಒಂದು ದಶಕ ವ್ಯಾನಿನಲ್ಲಿಯೇ ಬದುಕಿದ ಆರೋಹಿ. 2017ರ ಜೂನ್ 3ರಂದು ಅವರು ಎಲ್ ಕ್ಯಾಪಿಟಾನ್ ಗೋಡೆಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷಗಳಲ್ಲಿ ಏರಿದರು. ಎಲಿಜಬೆತ್ ಚಾಯ್ ವಾಸರ್‌ಹೇಲಿ ಮತ್ತು ಜಿಮ್ಮಿ ಚಿನ್ ನಿರ್ದೇಶಿಸಿದ ಆ ಚಿತ್ರಕ್ಕೆ 2019ರಲ್ಲಿ ಆಸ್ಕರ್ ದೊರೆಯಿತು. ಹಾನೊಲ್ಡ್ 2012ರಿಂದಲೇ ತಮ್ಮ ಆದಾಯದ ಒಂದು ಪಾಲನ್ನು ಬಡವರ ಮನೆಗಳಿಗೆ ಸೌರಶಕ್ತಿ ಒದಗಿಸುವ ಕಾರ್ಯಕ್ಕೆ ತೆಗೆದಿಡುತ್ತ ಬಂದವರು. ಅವರನ್ನು ಗೌರವಿಸಲು ನಮಗೆ ಕಾರಣಗಳಿವೆ. ಚಿತ್ರದಲ್ಲಿ ನಮ್ಮನ್ನು ಬಹುವಾಗಿ ಕಾಡುವುದು ಸಾಹಸವಲ್ಲ, ಚಿತ್ರತಂಡದ ಆತಂಕ. ತಮ್ಮ ಕ್ಯಾಮೆರಾ ಅಲ್ಲಿದೆ ಎಂಬ ಕಾರಣಕ್ಕಾಗಿಯೇ ಆತ ಏರಿ, ಕೈಜಾರಿ ಬಿದ್ದರೆ? ತಂಡದವರು ಇದನ್ನು ತಿಂಗಳುಗಟ್ಟಲೆ ಚರ್ಚಿಸುತ್ತಾರೆ, ಕಷ್ಟದ ತಿರುವಿನಲ್ಲಿ ಮನುಷ್ಯರ ಬದಲು ದೂರನಿಯಂತ್ರಿತ ಕ್ಯಾಮೆರಾ ಇರಿಸುತ್ತಾರೆ, ಕೆಳಗೆ ನಿಂತ ಛಾಯಾಗ್ರಾಹಕ ನೋಡಲಾರದೆ ಮುಖ ತಿರುಗಿಸುತ್ತಾನೆ. ಕ್ಯಾಮೆರಾ ನಿರ್ಲಿಪ್ತ ಸಾಕ್ಷಿಯಲ್ಲ, ಅದರ ಇರುವಿಕೆಯೇ ಘಟನೆಯನ್ನು ಬದಲಿಸಬಲ್ಲದು ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸಾಹಸಚಿತ್ರ ವಿರಳ. ಏರುವ ಮನುಷ್ಯನ ವಿಷಯದಲ್ಲಿ ತೋರಿದ ಈ ಎಚ್ಚರವನ್ನು ಏರಲ್ಪಡುವ ಬಂಡೆಯ ವಿಷಯದಲ್ಲಿಯೂ ಏಕೆ ತೋರಬಾರದು ಎಂಬುದು ನಮ್ಮ ಪ್ರಶ್ನೆ.

ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಡೆಲಿಕೇಟ್ ಆರ್ಚ್ ಎಂಬ ಮರಳುಗಲ್ಲಿನ ಕಮಾನು ಇದೆ. ಆ ರಾಜ್ಯದ ವಾಹನಗಳ ಸಂಖ್ಯಾಫಲಕದ ಮೇಲೂ ಅದರ ಚಿತ್ರವಿದೆ. 2006ರ ಮೇ ತಿಂಗಳಲ್ಲಿ ಡೀನ್ ಪಾಟರ್ ಎಂಬ ಹೆಸರಾಂತ ಆರೋಹಿ ಅದನ್ನು ಹಗ್ಗವಿಲ್ಲದೆ ಏರಿದರು, ಕ್ಯಾಮೆರಾಗಳು ಜೊತೆಗಿದ್ದವು. ಸುದ್ದಿ ಹಬ್ಬುತ್ತಲೇ ಜನ ಕೆರಳಿದರು. ಕಮಾನಿನ ನೆತ್ತಿಯ ಮೆತ್ತನೆಯ ಕಲ್ಲಿನಲ್ಲಿ ಹಗ್ಗ ಉಜ್ಜಿದ ಗೀರುಗಳು ಕಂಡುಬಂದವು. ಅವು ತಮ್ಮಿಂದಾದುವಲ್ಲವೆಂದು ಪಾಟರ್ ಹೇಳಿದರು. ಅದುವರೆಗಿನ ನಿಯಮ ಅಸ್ಪಷ್ಟವಾಗಿತ್ತು. ಉದ್ಯಾನದ ಆಡಳಿತ ಒಡನೆಯೇ ಹೆಸರುಳ್ಳ ಕಮಾನುಗಳ ಆರೋಹಣವನ್ನು ನಿಷೇಧಿಸಿತು, ಪ್ರಾಯೋಜಕ ಕಂಪನಿ ಮರುವರ್ಷ ದೂರ ಸರಿಯಿತು. 2015ರಲ್ಲಿ ಯೊಸೆಮಿಟಿಯಲ್ಲಿ ರೆಕ್ಕೆಯುಡುಪು ತೊಟ್ಟು ಜಿಗಿದು ಪಾಟರ್ ತೀರಿಕೊಂಡರು. ಗತಿಸಿದವರ ಮೇಲೆ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ. ಗೀರುಗಳು ಯಾರವೇ ಇರಲಿ, ಬರಿಗೈಯಲ್ಲಿ ಏರುವವನಿಗೆ ಹಗ್ಗ ಬೇಕಿಲ್ಲ; ಅವನನ್ನು ಮೇಲಿನಿಂದ ನೋಡಬಯಸುವವನಿಗೆ ಬೇಕು. ನಾಲ್ಕಾರು ಮಂದಿಯ ತಂಡ, ಒಂದೇ ಬೆಳಗು, ಮತ್ತು ಆ ಕಲ್ಲನ್ನು ಎಂದೂ ಮುಟ್ಟದ ಲಕ್ಷಾಂತರ ಪ್ರೇಕ್ಷಕರು.

ಆ ಮರುಭೂಮಿಯ ನೆಲವೂ ಹಾಗೆಯೇ ನಾಜೂಕು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಮರಳ ಕಣಗಳನ್ನು ಹೆಣೆದು ಕಪ್ಪು ಹಕ್ಕಳೆಯೊಂದನ್ನು ಕಟ್ಟಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು, ನೀರನ್ನು ಇಂಗಿಸುವುದು, ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವುದು ಅದರ ಕೆಲಸ. ಒಂದು ಟೈರು ಅದರ ಮೇಲೆ ಹಾದುಹೋದರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಸಂಜೆಯ ಬೆಳಕಿನಲ್ಲಿ ರಸ್ತೆಯಿಂದ ತುಸು ದೂರ, ಒಂಟಿಯಾಗಿ ನಿಂತ ವ್ಯಾನಿನ ಚಿತ್ರ ಎಷ್ಟು ಚೆಂದ! ಅದು ಅಲ್ಲಿಯವರೆಗೆ ಹೋದದ್ದು ಯಾವುದರ ಮೇಲೆ ಎಂದು ಚಿತ್ರ ಹೇಳುವುದಿಲ್ಲ.

ಈಗ ಕಾನೂನಿನ ಮಾತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಪರವಾನಗಿಯೂ ಶುಲ್ಕವೂ ಬೇಕೆಂದು 2000ದಲ್ಲಿ ಶಾಸನವಾಗಿತ್ತು. ಸಣ್ಣ ಬಂಡವಾಳದ ಚಿತ್ರಕಾರರೊಬ್ಬರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ 2021ರಲ್ಲಿ ಗೆದ್ದು, 2022ರಲ್ಲಿ ಮೇಲ್ಮನವಿಯಲ್ಲಿ ಸೋತರು. ಕೊನೆಗೆ 2025ರ ಜನವರಿ 4ರಂದು ಅಂಕಿತವಾದ ಎಕ್ಸ್‌ಪ್ಲೋರ್ ಕಾಯಿದೆ, 6ಕ್ಕಿಂತ ಕಡಿಮೆ ಜನರ ತಂಡ, ಕೈಯಲ್ಲಿ ಹೊರಬಹುದಾದ ಉಪಕರಣಗಳೊಂದಿಗೆ, ಸಾರ್ವಜನಿಕರಿಗೆ ತೆರೆದಿರುವ ಜಾಗದಲ್ಲಿ, ಅಲ್ಲಿನ ಸಂಪತ್ತಿಗೆ ಹಾನಿಯಾಗದಂತೆ ಚಿತ್ರೀಕರಿಸಿದರೆ ಪರವಾನಗಿಯೂ ಬೇಡ, ಶುಲ್ಕವೂ ಬೇಡ ಎಂದು ವಿಧಿಸಿತು. ಬಡ ಚಿತ್ರಕಾರನಿಗೆ ಇದರಿಂದ ನ್ಯಾಯ ದೊರೆತಿದೆ, ಒಪ್ಪೋಣ. ದೊಡ್ಡ ಕಂಪನಿಗಳು ಸುಲಭವಾಗಿ ತೆರಬಲ್ಲ ಶುಲ್ಕ ಅವನನ್ನು ಮಾತ್ರ ಬಾಧಿಸುತ್ತಿತ್ತು. ಆದರೆ ಕ್ಯಾಮೆರಾದ ಭಾರವನ್ನು ತಂಡದ ತಲೆಗಳನ್ನೆಣಿಸಿ ಅಳೆಯಬಹುದೆಂಬ ನಂಬಿಕೆ ಮಾತ್ರ ಸರಿಯಲ್ಲ. ಒಬ್ಬನೇ ತೆಗೆದ ಮೂರು ನಿಮಿಷದ ದೃಶ್ಯ ಹತ್ತು ಸಾವಿರ ಜನರನ್ನು ಒಂದೇ ಜಲಪಾತದ ಅಡಿಗೆ ಕರೆತರಬಲ್ಲದು. ಹೀಗೆ, ರಸ್ತೆಯ ಬದಿಯಲ್ಲಿ ಸದ್ದಿಲ್ಲದೆ ಮಲಗುವವನು ಅಪರಾಧಿಯಾಗಿ, ಆ ರಸ್ತೆಯನ್ನು ಲೋಕಕ್ಕೆ ಸಾರುವವನು ನಿರಪರಾಧಿಯಾಗಿ ಉಳಿದಿದ್ದಾನೆ.

ಹಾಗಾದರೆ ಕ್ಯಾಮೆರಾ ಬೇಡವೆ? ಬೇಕು. ಇದನ್ನು ಒತ್ತಿ ಹೇಳಬೇಕು. ಏಕೆಂದರೆ ‘ಗುಟ್ಟಾಗಿ ಇಟ್ಟರೆ ಕಾಡು ಉಳಿಯುತ್ತದೆ’ ಎನ್ನುವ ಗೆಳೆಯರು ನಮ್ಮಲ್ಲಿಯೂ ಇದ್ದಾರೆ. ಕೊಲರಾಡೊ ನದಿಯ ಗ್ಲೆನ್ ಕಣಿವೆಯ ಗತಿಯನ್ನು ಅವರು ನೆನೆಯಲಿ. 1963ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿ ಆ ಕಣಿವೆ ಮುಳುಗತೊಡಗಿದ ವರ್ಷವೇ ಎಲಿಯಟ್ ಪೋರ್ಟರ್ ಅವರ ಛಾಯಾಚಿತ್ರಗಳ ಪುಸ್ತಕ ಹೊರಬಂತು. ‘ಯಾರೂ ಅರಿಯದ ತಾಣ’ ಎಂಬುದು ಅದರ ಹೆಸರಿನ ಅರ್ಥ. ಅರಿತವರು ಹೆಚ್ಚಿದ್ದರೆ ಪ್ರತಿಭಟನೆಯೂ ಹೆಚ್ಚುತ್ತಿತ್ತು. ಮರುವರ್ಷ, 1964ರಲ್ಲಿ, ನಮ್ಮ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯಲ್ಲಿ ಮುಳುಗಿದ ಊರುಗಳ ತೋಟ, ಗದ್ದೆ, ಅಂಗಳಗಳ ಎಷ್ಟು ಚಿತ್ರಗಳನ್ನು ನಾವು ಕಂಡಿದ್ದೇವೆ?

ಸಾಹಸಚಿತ್ರ ತೆಗೆಯುವವರಲ್ಲಿಯೇ ದಾರಿ ತೋರಿದವರಿದ್ದಾರೆ. ಬೆನ್ ನೈಟ್ ಮತ್ತು ಟ್ರಾವಿಸ್ ರಮ್ಮೆಲ್ ಮೀನು ಹಿಡಿಯುವ ಮೋಜಿನ ಚಿತ್ರಗಳಿಂದ ಆರಂಭಿಸಿದವರು. 2008ರಲ್ಲಿ ಅವರು ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಯ ಸಾಲ್ಮನ್ ಮೀನುಗಳನ್ನೂ ಅವುಗಳ ನೆತ್ತಿಯ ಮೇಲೆ ತೂಗುತ್ತಿದ್ದ ಪೆಬಲ್ ಗಣಿ ಯೋಜನೆಯನ್ನೂ ಕುರಿತು ‘ರೆಡ್ ಗೋಲ್ಡ್’ ಎಂಬ ಚಿತ್ರ ತೆಗೆದರು. ಮೀನುಗಾರರು, ಮೂಲನಿವಾಸಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ಗಣಿಗೆ ತಡೆಯೊಡ್ಡಿತು. 2014ರ ‘ಡ್ಯಾಮ್‌ನೇಷನ್’ ಕೂಡ ಅವರದೇ ನಿರ್ದೇಶನ. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು ಒಡೆದು ನದಿಯನ್ನು ಹರಿಯಬಿಟ್ಟ ಪ್ರಸಂಗ ಅದರಲ್ಲಿದೆ. ಚಿತ್ರದಿಂದಲೇ ಗಣಿ ನಿಂತಿತೆಂದು ನಾವು ಹೇಳುವುದಿಲ್ಲ. ಚಿತ್ರಕಾರರು ಮೋಜಿನ ನೀರಿನ ಋಣವನ್ನು ತೀರಿಸಲು ಹೊರಟರೆನ್ನುವುದಷ್ಟೇ ನಮ್ಮ ಮಾತು.

ಇದಕ್ಕೆ ಹಂಪಿಯ ಉದಾಹರಣೆಯನ್ನು ಹೋಲಿಸಿ ನೋಡಬೇಕು. 2003ರಲ್ಲಿ ಬಂದ ‘ಪಿಲ್ಗ್ರಿಮೇಜ್’ ಎಂಬ ಚಿತ್ರದಲ್ಲಿ ಕ್ರಿಸ್ ಶರ್ಮಾ, ಕೇಟಿ ಬ್ರೌನ್ ಮೊದಲಾದ ಅಮೆರಿಕದ ಆರೋಹಿಗಳು ಹಂಪಿಯ ಗುಂಡುಗಲ್ಲುಗಳನ್ನೇರಿದರು. ಶಿಲಾರೋಹಿಗಳ ಲೋಕದಲ್ಲಿ ಹಂಪಿಗೆ ದೊಡ್ಡ ಹೆಸರು ತಂದುಕೊಟ್ಟ ಚಿತ್ರ ಅದು. ಚಳಿಗಾಲದಲ್ಲಿ ಬರುವ ಆರೋಹಿಗಳು ಹೊಳೆಯಾಚೆಯ ವಿರುಪಾಪುರಗಡ್ಡೆಯಲ್ಲಿ ತಂಗುತ್ತಿದ್ದರು. ಅಲ್ಲಿ ಅತಿಥಿಗೃಹಗಳು ಬೆಳೆದವು. ಅದಕ್ಕೆ ಚಿತ್ರವೊಂದೇ ಕಾರಣವಲ್ಲ, ಹಂಪಿಗೆ ಬರುವ ಎಲ್ಲ ಬಗೆಯ ಪ್ರವಾಸಿಗರೂ ಕಾರಣ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಟ್ಟಡಗಳು ಅಕ್ರಮವೆಂಬ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವೆಲ್ಲ ನೆಲಸಮವಾದವು. ಸ್ಮಾರಕಗಳ ರಕ್ಷಣೆಗೆ ಆ ಕ್ರಮ ಅಗತ್ಯವಾಗಿತ್ತೆಂದು ವಾದಿಸಬಹುದು. ಕ್ಯಾಮೆರಾ ಹೊತ್ತು ಬಂದವರು ಮುಂದಿನ ಬಂಡೆಗೆ ಹೋದರು. ಅಂಗಡಿ, ಅಡುಗೆಮನೆ, ಹರಿಗೋಲು ನಂಬಿದ್ದವರು ಉಳಿದರು.

ನಮ್ಮ ಘಟ್ಟದಲ್ಲಿ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿ ಸಾವಿರಾರು ಚಾರಣಿಗರಿಂದ ಕಿಕ್ಕಿರಿದಾಗ ಸರ್ಕಾರ ಎಚ್ಚೆತ್ತು, ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳಿಗೆ ತಡೆ ಹಾಕಿತು. ಹೆಜ್ಜೆಗಳನ್ನು ಎಣಿಸುವುದು ಒಳ್ಳೆಯದೇ. ಆ ಹೆಜ್ಜೆಗಳನ್ನು ಕರೆದು ತಂದ ಚಿತ್ರಗಳ ಬಗ್ಗೆ ಮಾತ್ರ ಯಾರೂ ಚಕಾರವೆತ್ತಲಿಲ್ಲ. ವ್ಯಾನಿನಲ್ಲಿ ಬರುವವರನ್ನು ಊರಿನವರು ಅಟ್ಟಬಾರದು. ಹಳ್ಳದ ದಡ ಬಿಟ್ಟು ನಿಲ್ಲಲು ಪಂಚಾಯಿತಿಯೇ ಜಾಗ ತೋರಿಸಲಿ, ರಾತ್ರಿಗಿಷ್ಟು ಎಂದು ಹಣ ಪಡೆಯಲಿ, ಶೌಚಕ್ಕೆ ವ್ಯವಸ್ಥೆ ಮಾಡಲಿ. ಚಿತ್ರ ತೆಗೆದು ಹಣ ಗಳಿಸುವವರಿಂದ, ತಂಡದಲ್ಲಿ ಒಬ್ಬನೇ ಇದ್ದರೂ, ಗಳಿಕೆಯ ಪಾಲೊಂದನ್ನು ಆ ಊರಿನ ಗ್ರಾಮ ಅರಣ್ಯ ಸಮಿತಿ ಕೇಳಲಿ. ನಾಜೂಕಾದ ಹುಲ್ಲುಗಾವಲು, ಶೋಲೆ, ಜಲಪಾತಗಳ ದಾರಿಯನ್ನು ಚಿತ್ರದಲ್ಲಿ ಹೇಳಬಾರದೆಂದು ಮೊದಲೇ ಬರೆಸಿಕೊಳ್ಳಲಿ. ಇನ್ನೊಂದು ಸಣ್ಣ ಬೇಡಿಕೆ ಚಿತ್ರಕಾರರಲ್ಲಿಯೇ. ವ್ಯಾನಿನ ಕಾಫಿ, ವ್ಯಾನಿನ ಸೂರ್ಯೋದಯ, ವ್ಯಾನಿನ ನಾಯಿ ಎಲ್ಲವನ್ನೂ ತೋರಿಸುವ ಇವರು ಬೆಳಗಿನ ಶೌಚಕ್ಕೆ ಎಲ್ಲಿಗೆ ಹೋದರೆಂದು ಹೇಳಿದ್ದನ್ನು ನಾವು ಕಂಡಿಲ್ಲ. ಅದನ್ನೂ, ರಾತ್ರಿ ಯಾರ ಅಪ್ಪಣೆ ಪಡೆದು ನಿಂತರೆಂಬುದನ್ನೂ, ಕಸವನ್ನು ಯಾವ ಊರಿನ ತೊಟ್ಟಿಗೆ ಹಾಕಿದರೆಂಬುದನ್ನೂ ಪ್ರತಿ ಚಿತ್ರದಲ್ಲಿ ಒಂದು ನಿಮಿಷ ತೋರಿಸಲಿ.